ಛೀಯಮ್ಮ ಅಳಿಸಿದ ಕೈ

ಆಕೆಗೆ ತಾಯಿತಂದೆ ಇಟ್ಟ ಹೆಸರು ಒಂದಿತ್ತು. ಅದರಿಂದ ಯಾರೂ ಆಕೆಯನ್ನು ಕರೆಯುತ್ತಿರಲಿಲ್ಲ. ಬಾಯಿ ತೆರೆದರೆ ಮೊದಲು ಹೊರಬೀಳುವ ಮಾತು ‘ಛೀ’ ಆದ್ದರಿಂದ ಬೀದಿಯವರೆಲ್ಲ ಸೇರಿ ಆಕೆಯನ್ನು ಛೀಯಮ್ಮ ಮಾಡಿಬಿಟ್ಟಿದ್ದರು. ಎದುರಿಗೆ ಅಕ್ಕ, ಅತ್ತೆ, ಅಮ್ಮ. ಬೆನ್ನ ಹಿಂದೆ ಛೀಯಮ್ಮ. ಇದು ಆಕೆಯ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಈ ಬೀದಿಯವರ ಬಾಯಿಂದ ಇದಕ್ಕಿಂತ ಒಳ್ಳೆಯದು ಬಂದೀತೆಂದು ಆಕೆ ಎಂದೂ ನಂಬಿದವಳಲ್ಲ.

ಗಂಡ ಇಂಚಪ್ಪ. ಆ ಹೆಸರೂ ಬೀದಿಯವರೇ ಕೊಟ್ಟದ್ದು. ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡು, ಯಾರ ಮನೆಗೆ ಹೋದರೂ ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲು ಅವರ ಗೋಡೆ ಅಳೆಯುವ ಮಹಾನುಭಾವ ಅವನು. ಒಮ್ಮೆ ಸತ್ತವರ ಮನೆಗೆ ಹೋದಾಗಲೂ ಕಣ್ಣೊರೆಸಿಕೊಳ್ಳುತ್ತಲೇ ಹೆಣದ ಹಿಂದಿನ ಗೋಡೆ ಖಾಲಿ ಇದೆಯಲ್ಲ ಎಂದು ಕೊರಗಿದವನು. ಅವನದು ಗೋಡೆಚಿತ್ರಗಳ ಅಂಗಡಿ. ಮುಂದಿನ ಕೋಣೆಯಲ್ಲಿ ಹಳದಿ ದೀಪ, ಮೆತ್ತನೆಯ ಸೋಫಾ, ಗೋಡೆ ತುಂಬ ಚಿತ್ರಗಳು. ಹಿಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಉದ್ದನೆಯ ಮೇಜು, ಅದರ ಮುಂದೆ ಛೀಯಮ್ಮ.

ಆ ಅಂಗಡಿಯ ಗುಟ್ಟೆಲ್ಲ ಆಕೆಯ ಕೈಯಲ್ಲಿತ್ತು. ದೊಡ್ಡ ಪ್ರಿಂಟರಿನಿಂದ ಚಿತ್ರ ಕ್ಯಾನ್ವಾಸಿನ ಮೇಲೆ ಅಚ್ಚಾಗಿ ಬರುತ್ತಿತ್ತು, ಕ್ಯಾಲೆಂಡರಿನ ಹಾಳೆಯಷ್ಟೇ ಸಪಾಟಾಗಿ. ಅದರ ಮೇಲೆ ಆಕೆ ನೀರಿನ ಬಣ್ಣದ, ಗಟ್ಟಿಯಾದ ಜೆಲ್ ಬಳಿಯಬೇಕು. ಸುಮ್ಮನೆ ಬಳಿದರೆ ಆಗದು. ಮೂಲ ಚಿತ್ರಕಾರನ ಕುಂಚ ಎಲ್ಲೆಲ್ಲಿ ಹೇಗೆ ಓಡಿದೆಯೋ ಅಲ್ಲಲ್ಲೇ ಹಾಗೇ ಓಡಿಸಬೇಕು. ಒಣಗಿದ ಮೇಲೆ ಜೆಲ್ ಕಾಣುವುದಿಲ್ಲ, ಅದರ ಉಬ್ಬು ಮಾತ್ರ ಉಳಿಯುತ್ತದೆ. ಗಿರಾಕಿಗಳು ಮೇಲೆ ಬೆರಳಾಡಿಸಿ, ಕಣ್ಣರಳಿಸಿ, ಇದು ಕೈಯಲ್ಲೇ ಬರೆದದ್ದಾ ಎಂದು ಕೇಳುವರು. ಇಂಚಪ್ಪ ಹೌದೂ ಅನ್ನುತ್ತಿರಲಿಲ್ಲ, ಅಲ್ಲವೂ ಅನ್ನುತ್ತಿರಲಿಲ್ಲ. ತಲೆ ತಗ್ಗಿಸಿ ಒಂದು ನಗು ನಗುತ್ತಿದ್ದ. ಹಿಂದಿನ ಕೋಣೆಯಿಂದ ಆ ನಗು ಕಂಡಾಗಲೆಲ್ಲ ಛೀಯಮ್ಮನಿಗೆ ಮೈ ಉರಿಯುತ್ತಿತ್ತು. ಸುಳ್ಳು ಹೇಳುವುದಕ್ಕೂ ಧೈರ್ಯವಿಲ್ಲದ ಗಂಡಸು ಎಂದು ಆಕೆ ಮದುವೆಯಾದ ವರ್ಷವೇ ತೀರ್ಮಾನಿಸಿಬಿಟ್ಟಿದ್ದಳು.

ಆಗೆಲ್ಲ ಹೆಚ್ಚು ಓಡುತ್ತಿದ್ದದ್ದು ಹಳೆಯ ಬೈಬಲ್ ಚಿತ್ರಗಳು. ಅದೂ ಪೂರ್ತಿ ಚಿತ್ರಗಳಲ್ಲ, ಬರೋಕ್ ಕಾಲದ ಎಣ್ಣೆಬಣ್ಣದ ಕರಡುಗಳು. ಮುನ್ನೂರು ನಾನ್ನೂರು ವರ್ಷಗಳ ಹಿಂದೆ ಚರ್ಚಿನ ಗೋಡೆಯಷ್ಟು ದೊಡ್ಡ ಚಿತ್ರ ಬರೆಯುವ ಮೊದಲು, ಹೀಗಿರುತ್ತದೆ ನೋಡಿ ಎಂದು ಬರೆಸುವವರಿಗೆ ತೋರಿಸಲು ಆ ಚಿತ್ರಕಾರರು ಚಿಕ್ಕದಾಗಿ ಒಂದನ್ನು ಸರಸರನೆ ಹಾಕಿಕೊಳ್ಳುತ್ತಿದ್ದರಂತೆ. ಮುಖವೆಂದರೆ ಮೂರು ಗೀಟು, ಕೈಯೆಂದರೆ ಒಂದು ಎಳೆತ, ಉಳಿದದ್ದೆಲ್ಲ ಕಂದು. ಆ ಕಂದೇ ಈಗಿನ ದೊಡ್ಡ ಮನೆಯವರಿಗೆ ಬೇಕಾದದ್ದು, ಯಾಕೆಂದರೆ ಅವರ ಸೋಫಾಗಳೆಲ್ಲ ಕಂದು. ಚಿತ್ರದಲ್ಲಿ ಯಾರು ಯಾರನ್ನು ಏನು ಮಾಡುತ್ತಿದ್ದಾರೆ ಎಂದು ಒಬ್ಬನಾದರೂ ಕೇಳಿದ್ದರೆ ಕೇಳಿ! ದಿಂಬಿಗೆ ಹೊಂದುತ್ತದಾ ಎಂದು ಕೇಳುವರು, ಪರದೆಗೆ ಹೊಂದುತ್ತದಾ ಎಂದು ಕೇಳುವರು. ಒಬ್ಬ ಪ್ರವಾದಿಯ ಕಡಿದ ತಲೆಯನ್ನು ತಟ್ಟೆಯಲ್ಲಿಟ್ಟುಕೊಂಡು ಹೋಗುವ ಹುಡುಗಿಯ ಚಿತ್ರವೊಂದಿತ್ತು. ಅದನ್ನು ಒಬ್ಬ ದಂತವೈದ್ಯರು ಕೊಂಡೊಯ್ದು ಊಟದ ಮೇಜಿನ ಮೇಲ್ಗಡೆ ತೂಗುಹಾಕಿದರು. ತಟ್ಟೆ ಇದೆಯಲ್ಲ ಸಾರ್, ಊಟದ ಮನೆಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಸಲಹೆ ಕೊಟ್ಟವನು ಇಂಚಪ್ಪನೇ.

ಅಂಗಡಿಯವರಿಗಾದರೂ ಗೊತ್ತಿತ್ತೇ? ಅವರಿಗೂ ಇಲ್ಲ. ಆ ಚಿತ್ರಗಳಲ್ಲಿದ್ದವರಿಗೆ ಬೈಬಲಿನಲ್ಲಿ ಒಳ್ಳೊಳ್ಳೆಯ ಹೆಸರುಗಳಿರಬೇಕು. ಇವರ ಬಾಯಲ್ಲಿ ಅವರೆಲ್ಲ ‘ತಟ್ಟೆ ಹುಡುಗಿ’, ‘ಕೂದಲು ಕತ್ತರಿಸೋಳು’, ‘ಮೀನಿನ ಹುಡುಗ’, ‘ದೋಣಿ ಮುದುಕ’. ಛೀಯಮ್ಮನಿಗಂತೂ ಆ ಜನರ ಮೇಲೇ ತಾತ್ಸಾರ. ಮೈಮೇಲೆ ನೆಟ್ಟಗೆ ಬಟ್ಟೆಯಿಲ್ಲ, ಎಲ್ಲರೂ ಆಕಾಶ ನೋಡಿಕೊಂಡು ಕೈ ಮೇಲೆತ್ತಿ ಗೋಳಾಡುತ್ತಾರೆ. ಕೆಲಸವಿಲ್ಲದವರು ಎಂದು ಬೈದುಕೊಳ್ಳುತ್ತಲೇ ಅವರ ತೊಡೆಗೆ, ತೋಳಿಗೆ, ಗಡ್ಡಕ್ಕೆ ಜೆಲ್ ಬಳಿಯುತ್ತಿದ್ದಳು. ಕೈ ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ಇನ್ನು ಇಂಚಪ್ಪನ ಪದ್ಧತಿ ಕೇಳಿ. ಲೋಕದಲ್ಲಿ ಎಲ್ಲರೂ ಚಿತ್ರಕ್ಕೆ ತಕ್ಕ ಚೌಕಟ್ಟು ಮಾಡಿಸುತ್ತಾರೆ. ಇವನು ಚೌಕಟ್ಟು ಮೊದಲೇ ಮಾಡಿಸಿಡುತ್ತಿದ್ದ, ಒಂದೇ ಅಳತೆಯವು, ರಾಶಿ ರಾಶಿ. ಚಿತ್ರ ಬಂದಮೇಲೆ ಚೌಕಟ್ಟಿಗೆ ಎಷ್ಟು ಹಿಡಿಸುತ್ತದೋ ಅಷ್ಟು ಉಳಿಸಿ ಮಿಕ್ಕದ್ದನ್ನು ಕಂಪ್ಯೂಟರಿನಲ್ಲೇ ಕತ್ತರಿಸಿ ಎಸೆಯುತ್ತಿದ್ದ. ಹೀಗೆ ಆ ಅಂಗಡಿಯಲ್ಲಿ ಎಷ್ಟು ದೇವದೂತರು ರೆಕ್ಕೆ ಕಳೆದುಕೊಂಡರೋ, ಎಷ್ಟು ಕುದುರೆಗಳು ಕಾಲು ಕಳೆದುಕೊಂಡವೋ, ಲೆಕ್ಕ ಇಟ್ಟವರಿಲ್ಲ. ಒಂದು ಚಿತ್ರದಲ್ಲಿ ಮುದುಕನೊಬ್ಬ ಮಗನ ಕುತ್ತಿಗೆಗೆ ಚೂರಿ ಹಿಡಿದಿದ್ದ, ಮೇಲಿನಿಂದ ದೇವದೂತ ಬಂದು ಅವನ ಕೈ ತಡೆದಿದ್ದ. ಇಂಚಪ್ಪನ ಅಳತೆಯಲ್ಲಿ ದೇವದೂತನಿಗೆ ಜಾಗ ಸಿಗಲಿಲ್ಲ. ಕೊಂಡವರು ಅದನ್ನು ಮಗನ ಓದುವ ಕೋಣೆಯಲ್ಲಿ ಹಾಕಿಕೊಂಡರು. ಯಾರೂ ದೂರು ತರಲಿಲ್ಲ.

ಇವರಿಗೆ ಒಬ್ಬಳೇ ಮಗಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ, ಮೆಲುಮಾತಿನವಳು. ಈ ತಾಯಿಯ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳೆಂದು ಬೀದಿಯವರಿಗೆ ಸೋಜಿಗ. ಅವಳನ್ನು ಕೊಟ್ಟದ್ದು ಲಾಂಡ್ರಿ ನಡೆಸುವವರ ಮನೆಗೆ. ಬೀಗಿತ್ತಿ ಗಂಡ ಸತ್ತಮೇಲೆ ಒಬ್ಬಳೇ ಲಾಂಡ್ರಿ ಕಟ್ಟಿ ನಿಲ್ಲಿಸಿದ ಗಟ್ಟಿ ಹೆಂಗಸು, ಛೀಯಮ್ಮನಿಗೆ ಸರಿಸಾಟಿ. ನಾಲ್ಕು ಜನರ ಮುಂದೆ ಬೀಗಿತ್ತಿ ಬೀಗಿತ್ತಿ ಎಂದು ನಗುನಗುತ್ತ ಮಾತಾಡುವರು. ಮನೆಗೆ ಬಂದು ಈಕೆ ಅವಳನ್ನು ಊರವರ ಕೊಳೆ ತೊಳೆಯುವವಳು ಅನ್ನುವಳು, ಅವಳು ಈಕೆಯನ್ನು ಸುಳ್ಳು ಚಿತ್ರಕ್ಕೆ ಅಂಟು ಬಳಿಯುವವಳು ಅನ್ನುವಳು. ಇಬ್ಬರೂ ಹೇಳಿದ್ದು ನಿಜವೇ.

ಅಳಿಯ ಬಾಯಿಲ್ಲದವನು. ಎಲ್ಲೋ ಒಂದು ಕಡೆ ಇದ್ದ ಕೆಲಸ ಹೋಗಿ ತಾಯಿಯ ಲಾಂಡ್ರಿಯಲ್ಲೇ ಇಸ್ತ್ರಿಗೆ ನಿಂತ. ಗಂಡ ಹೆಂಡತಿಗೆ ಒಂದು ಸಂಜೆ ಯಾವುದೋ ಚಿಲ್ಲರೆ ವಿಷಯಕ್ಕೆ ಮಾತು ಬೆಳೆಯಿತು. ಮಗಳು ಫೋನಿನಲ್ಲಿ ಅತ್ತಳು. ಬೇರೆ ತಾಯಿಯಾಗಿದ್ದರೆ ಸಮಾಧಾನ ಹೇಳಿ ಮಲಗಿಕೋ ಹೋಗು ಅನ್ನುತ್ತಿದ್ದಳು. ಛೀಯಮ್ಮ ಬಾಡಿಗೆ ಗಾಡಿ ಹಿಡಿದು ಬಂದಿಳಿದಳು. ಬಟ್ಟೆ ಕೊಡಲು ಬಂದ ಗಿರಾಕಿಗಳ ಎದುರಿಗೇ ಅಳಿಯನಿಗೆ ಇಸ್ತ್ರಿ ಪೆಟ್ಟಿಗೆ ಹಿಡಿದ ಗಂಡಸು ಗಂಡಸೇ ಅಲ್ಲ ಎಂದು ಹೇಳಿ, ಬೀಗಿತ್ತಿಗೂ ಒಂದಿಷ್ಟು ಸೇರಿಸಿ, ಮಗಳನ್ನೂ ಮೊಮ್ಮಗಳನ್ನೂ ಗಾಡಿಗೆ ಹತ್ತಿಸಿಕೊಂಡು ಬಂದುಬಿಟ್ಟಳು. ಬಾಯಿಲ್ಲದವನಿಗೆ ಅಂದು ಬಾಯಿ ಬಂತು. ಹೆಂಡತಿ ಬೇಡ, ಮಗು ಬೇಕು ಅಂದ. ಮಾತು ಅವನದು, ದನಿ ತಾಯಿಯದು.

ಮಗು ಎಂದರೆ ಐದು ತುಂಬದ ಹುಡುಗಿ. ಎರಡೂ ಮನೆಯಲ್ಲಿ ಅವಳನ್ನು ಮರಿ ಎಂದೇ ಕರೆಯುತ್ತಿದ್ದರು. ಅವರು ಒಪ್ಪಿಕೊಂಡದ್ದು ಅದೊಂದನ್ನೇ. ವಿಷಯ ಕುಟುಂಬ ಸಲಹಾ ಕಚೇರಿಗೆ ಹೋಯಿತು. ತೀರ್ಮಾನ ಆಗುವವರೆಗೆ ವಾರವೆಲ್ಲ ಇಲ್ಲಿ, ಶನಿವಾರ ಭಾನುವಾರ ಅಲ್ಲಿ ಎಂದು ಅಲ್ಲಿನವರು ಹೇಳಿ ಕೈ ತೊಳೆದುಕೊಂಡರು. ಶನಿವಾರ ಲಾಂಡ್ರಿಯ ಮುಂದೆ ಬಿಡುವಾಗ ಮರಿ ಕಿರುಚುತ್ತಿದ್ದಳು. ಭಾನುವಾರ ವಾಪಸು ತರುವಾಗಲೂ ಕಿರುಚುತ್ತಿದ್ದಳು. ಅಲ್ಲಿಗೆ ಕಳಿಸಿದರೆ ಅಳುತ್ತೆ ನೋಡಿ ಎಂದು ಇವರು, ಅಲ್ಲಿಂದ ಕರೆದುಕೊಂಡು ಹೋದರೆ ಅಳುತ್ತೆ ನೋಡಿ ಎಂದು ಅವರು. ಅಂಗಿಯ ಕೊರಳಪಟ್ಟಿ ಕಡಿದು ಕಡಿದು ತೂತು ಮಾಡಿಕೊಳ್ಳುವುದು, ಶುಕ್ರವಾರ ತಿಂದದ್ದನ್ನೆಲ್ಲ ಕಕ್ಕುವುದು, ಬೆಳಗ್ಗೆ ಕಣ್ಣುಬಿಟ್ಟ ಕೂಡಲೇ ಇವತ್ತು ಯಾವ ಮನೆ ಎಂದು ಕೇಳುವುದು. ಮಗಳು ಇದನ್ನೆಲ್ಲ ನೋಡಿ ನೋಡಿ ಸೊರಗಿದಳು. ಅಲ್ಲೇ ಇದ್ದುಬಿಡಲಿ ಅನ್ನಲೇ ಎಂದು ಒಂದು ಸಲ ತಾಯಿಯ ಹತ್ತಿರ ಬಾಯಿಬಿಟ್ಟಳು.

ಛೀಯಮ್ಮ ಮನೆ ಹಾರಿಹೋಗುವಂತೆ ಕೂಗಾಡಿದಳು. ಹೆತ್ತವಳು ಅನ್ನಿಸಿಕೊಂಡು ಮಗುವನ್ನು ಆ ಕೊಳೆಬಟ್ಟೆ ಗಂಟಿನ ಮಧ್ಯೆ ಎಸೆಯುತ್ತೀಯಾ, ನಾಳೆ ಆ ಹೆಂಗಸು ಮೀಸೆ ತಿರುವಿಕೊಂಡು ಬೀದಿಯಲ್ಲಿ ನಡೆಯಲಿ ಅಂತಲಾ ಎಂದಳು. ಮೀಸೆ ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮರಿಯ ಮೇಲೆ ಆಕೆಗೆ ಪ್ರೀತಿಯಿರಲಿಲ್ಲ ಎಂದಲ್ಲ. ಇತ್ತು, ಬೇಕಾದಷ್ಟಿತ್ತು. ಆದರೆ ಬೀಗಿತ್ತಿಯ ಮುಂದೆ ಸೋಲಬಾರದು ಎಂಬುದು ಅದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ಇಷ್ಟರಲ್ಲಿ ಆ ಸಲಹಾ ಕಚೇರಿಗೆ ಸುಣ್ಣಬಣ್ಣ ಆಯಿತು. ವಿಚಾರಣೆ ನಡೆಸುವ ಕೋಣೆಯ ಗೋಡೆ ಬೋಳಾಗಿದೆ, ನ್ಯಾಯಕ್ಕೆ ಸಂಬಂಧಪಟ್ಟ ಒಂದು ಚಿತ್ರ ಇದ್ದರೆ ಚೆನ್ನ ಎಂದು ಅಲ್ಲಿನ ಮೇಡಂ ಹೇಳಿದ್ದು ಹೇಗೋ ಇಂಚಪ್ಪನ ಕಿವಿಗೆ ಬಿತ್ತು. ಅವನು ಕುಣಿದಾಡಿಬಿಟ್ಟ. ಚಿತ್ರ ನಾವೇ ಕೊಟ್ಟರೆ ಮೇಡಂ ನಮ್ಮ ಕಡೆ ವಾಲುತ್ತಾರೆ ಎಂಬುದು ಅವನ ಲೆಕ್ಕಾಚಾರ. ರಾತ್ರಿಯೆಲ್ಲ ಕಂಪ್ಯೂಟರ್ ಕೆದಕಿ ನ್ಯಾಯ, ತೀರ್ಪು, ರಾಜ ಎಂದೆಲ್ಲ ಹುಡುಕಿ ಒಂದು ಕರಡು ಚಿತ್ರ ಹಿಡಿದು ತಂದ. ಸಿಂಹಾಸನದ ಮೇಲೆ ರಾಜ, ಅವನ ಮುಂದೆ ಸೈನಿಕ, ಸೈನಿಕನ ಕೈಯಲ್ಲಿ ಮಗು, ಈ ಕಡೆ ನೆಟ್ಟಗೆ ನಿಂತ ಹೆಂಗಸು. ಬಲಗಡೆ ಇನ್ನೂ ಯಾರೋ ಇದ್ದರು, ಅಳತೆಗೆ ಬರಲಿಲ್ಲ, ಹಾರಿಸಿದ.

‘ನೋಡೇ, ರಾಜ ಮಗೂನ ತಾಯಿಗೆ ಕೊಡಿಸ್ತಿದ್ದಾನೆ. ಆ ಆಫೀಸಿಗೆ ಇದಕ್ಕಿಂತ ಇನ್ನೇನು ಬೇಕು?’ ಅಂದ.

ಜೀವಮಾನದಲ್ಲಿ ಒಂದು ಸಲವಾದರೂ ತಲೆ ಓಡಿಸಿದನಲ್ಲ ಎಂದುಕೊಂಡು ಛೀಯಮ್ಮ ಕೆಲಸಕ್ಕೆ ಕೂತಳು. ಕರಡು ಚಿತ್ರವಲ್ಲವೇ, ಎಲ್ಲ ಅರೆಬರೆ. ಮಗು ಎಂದರೆ ಒಂದು ಮುದ್ದೆ ಗುಲಾಬಿ ಬಣ್ಣ. ಸೈನಿಕನ ಇನ್ನೊಂದು ಕೈಯಿಂದ ಒಂದು ಬಿಳಿ ಗೀಟು ಮೇಲಕ್ಕೆ ಎದ್ದಿತ್ತು; ಕಿಟಕಿಯ ಬೆಳಕಿರಬೇಕೆಂದು ಆಕೆ ಅದಕ್ಕೆ ದಪ್ಪಗೆ ಜೆಲ್ ಎಳೆದು ಮಿಂಚುವಂತೆ ಮಾಡಿದಳು. ನಿಂತ ಹೆಂಗಸಿನ ಮೇಲೆ ಆಕೆಗೆ ಎಂದಿಲ್ಲದ ಅಭಿಮಾನ ಬಂತು. ಈ ಚಿತ್ರಗಳ ಜನರಲ್ಲಿ ಗೋಳಾಡದೆ ನಿಂತವಳನ್ನು ಆಕೆ ಕಂಡದ್ದು ಇದೇ ಮೊದಲು. ಬೆನ್ನು ನೆಟ್ಟಗೆ, ಕುತ್ತಿಗೆ ಎತ್ತಿ, ನನ್ನದು ನನಗೆ ಕೊಡು ಎಂಬಂತೆ ಸೆರಗು ಒಡ್ಡಿ ನಿಂತಿದ್ದಳು. ಹೆಂಗಸು ಅಂದರೆ ಹೀಗಿರಬೇಕು ಎಂದು ಅವಳಿಗೆ ಎರಡು ಪದರ ಬಳಿದಳು.

ಬಲಗಡೆಯ ಅಂಚಿಗೆ ಬಂದಾಗ ಅಲ್ಲೊಂದು ಕೈ ಸಿಕ್ಕಿತು. ಬರೀ ಕೈ. ಮೊಣಕೈಯಿಂದ ಆಚೆ ಆಳಿಲ್ಲ. ಐದೂ ಬೆರಳು ಅಗಲಿಸಿಕೊಂಡು ಸೈನಿಕನ ತೋಳಿನ ಕಡೆಗೆ ಚಾಚಿತ್ತು. ಅಭ್ಯಾಸಬಲದಿಂದ ಆ ಬೆರಳುಗಳಿಗೂ ಜೆಲ್ ಹಾಕಿ ಮುಗಿಸಿದ ಮೇಲೆ ಆಕೆಗೆ ಯಾಕೋ ಅಸಹ್ಯವೆನಿಸಿತು. ಚಿತ್ರದ ಹೊರಗಿನಿಂದ ಭಿಕ್ಷೆಗೆ ಕೈ ನೀಡಿದ ಹಾಗಿತ್ತು. ಗಂಡನನ್ನು ಕೂಗಿ, ಯಾರದೋ ಕೈ ಮಾತ್ರ ಉಳಿಸಿದ್ದೀರಲ್ಲ, ಆಳೆಲ್ಲಿ ಎಂದು ಕೇಳಿದಳು. ಅಳತೆಗೆ ಬರಲಿಲ್ಲ, ಯಾರೋ ಕೆಲಸದವಳಿರಬೇಕು, ಕಂದು ಬಣ್ಣ ಹೊಡೆದು ಮುಚ್ಚು ಅಂದ. ಛೀಯಮ್ಮ ಹಿನ್ನೆಲೆಯ ಕಂದಿಗೆ ಸರಿಯಾಗಿ ಬಣ್ಣ ಕಲಸಿ, ಜೆಲ್ ಒಣಗಿದ ಮೇಲೆ ಆ ಕೈಯನ್ನು ಮುಚ್ಚಿದಳು. ದೂರ ನಿಂತು ನೋಡಿದಳು. ಅಲ್ಲಿ ಕೈ ಇತ್ತೆಂದು ಹುಟ್ಟಿಸಿದ ದೇವರಿಗೂ ಗೊತ್ತಾಗುವಂತಿರಲಿಲ್ಲ. ಆಕೆಗೆ ತನ್ನ ಕೈಚಳಕದ ಮೇಲೆ ಹೆಮ್ಮೆಯಾಯಿತು.

ವಿಚಾರಣೆಯ ದಿನ ಎಲ್ಲರೂ ಬೆಳಗ್ಗೆಯೇ ಬಂದು ಕೂತರು. ಮೇಡಂ ಇನ್ನೂ ಬಂದಿರಲಿಲ್ಲ. ಈ ಕಡೆ ಬೆಂಚಿನಲ್ಲಿ ಛೀಯಮ್ಮ, ಮಗಳು, ಮಗಳ ತೊಡೆಯ ಮೇಲೆ ಮರಿ. ಆ ಕಡೆ ಬೆಂಚಿನಲ್ಲಿ ಬೀಗಿತ್ತಿ, ಗರಿಗರಿ ಇಸ್ತ್ರಿ ಮಾಡಿದ ಸೀರೆಯಲ್ಲಿ. ಪಕ್ಕದಲ್ಲಿ ನೆಲ ನೋಡುತ್ತ ಅಳಿಯ. ಇಂಚಪ್ಪ ಒಳಗೆ ಬಂದವನೇ, ಮೇಡಂ ಕುರ್ಚಿಯ ಹಿಂದಿನ ಗೋಡೆಗೆ ತಾನು ಮೊದಲೇ ಹಾಕಿಸಿದ್ದ ಚಿತ್ರ ಓರೆಯಾಗಿಲ್ಲ ತಾನೇ ಎಂದು ನೋಡಿ, ಪಡಸಾಲೆಯ ಗೋಡೆಗಳೂ ಬೋಳಾಗಿವೆ ಎಂದು ಟೇಪು ತೆಗೆದುಕೊಂಡು ಹೊರಗೆ ಹೋದ. ಮೊಮ್ಮಗಳ ಗತಿ ಏನಾಗುತ್ತದೋ ಎಂಬ ದಿನ ಆ ಮನುಷ್ಯ ಪಡಸಾಲೆ ಅಳೆಯುತ್ತಿದ್ದ. ಇಂಥವನಿಗೆ ಏನು ಹೇಳುವುದು!

ಮಗಳು ಚಿತ್ರವನ್ನು ನೋಡುತ್ತ ಕೂತಿದ್ದಳು. ಅವಳು ಅದನ್ನು ಮನೆಯಲ್ಲಿ ನೋಡಿರಲಿಲ್ಲ. ತಾಯಿಯ ಮೇಜಿನ ಹತ್ತಿರ ಹೋಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಚೇರಿಯ ಟ್ಯೂಬ್‌ಲೈಟು ಚಿತ್ರದ ಪಕ್ಕದಲ್ಲೇ ಇತ್ತು. ಆ ಅಡ್ಡ ಬೆಳಕಿಗೆ ಜೆಲ್‌ನ ಉಬ್ಬೆಲ್ಲ ಎದ್ದು ಕಾಣುತ್ತಿತ್ತು. ಬಿಳಿ ಗೀಟು ಹೊಳೆಯುತ್ತಿತ್ತು. ಅವಳು ಮಗುವನ್ನು ಬೆಂಚಿನ ಮೇಲೆ ಕೂರಿಸಿ ಎದ್ದು ಹತ್ತಿರ ಹೋದಳು.

‘ಅಮ್ಮ, ಇದು ಕತ್ತಿ’ ಅಂದಳು.

ಕಿಟಕಿಯ ಬೆಳಕು ಎಂದು ಛೀಯಮ್ಮ ಮೂಗು ಮುರಿದಳು. ಮಗಳು ಬಿಡಲಿಲ್ಲ. ಸೈನಿಕ ಮಗುವನ್ನು ಕೊಡುತ್ತಿಲ್ಲ, ಒಂದು ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿದ್ದಾನೆ, ನೋಡು ಅಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: ‘ಇದು ನಾನು ಚಿಕ್ಕೋಳಿದ್ದಾಗ ನೀನು ಹೇಳ್ತಿದ್ದೆಯಲ್ಲ, ಅದೇ ಕಥೆ. ಎರಡು ಜನ ತಾಯಂದಿರು, ಒಂದೇ ಮಗು. ರಾಜ ಮಗೂನ ಎರಡು ಭಾಗ ಮಾಡಿ ಕೊಡಿ ಅಂತಾನೆ. ಒಬ್ಬಳು ಆಗಲಿ ಅಂತಾಳೆ. ಇನ್ನೊಬ್ಬಳು ಓಡಿಬಂದು ಕತ್ತಿಗೆ ಅಡ್ಡ ಕೈ ಹಿಡೀತಾಳೆ, ಬೇಡ, ಮಗು ಅವಳಿಗೇ ಇರಲಿ ಅಂತಾಳೆ. ಆ ಇನ್ನೊಬ್ಬಳು ಇಲ್ಲಿ ಎಲ್ಲಿದ್ದಾಳಮ್ಮ?’

ಕಥೆ ಛೀಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಸಲ ಹೇಳಿ ಈ ಮಗಳನ್ನು ಮಲಗಿಸಿರಲಿಲ್ಲ! ಬೈಬಲಿನದು ಎಂದು ಗೊತ್ತಿರಲಿಲ್ಲ, ಆಕೆಗೆ ಅದು ತನ್ನ ಅಜ್ಜಿಯದು. ರಾಜ ಇದ್ದ, ಸೈನಿಕ ಇದ್ದ, ಮಗು ಇತ್ತು, ಮೂರು ದಿನ ಮುಖದ ಹತ್ತಿರ ಮುಖ ಇಟ್ಟುಕೊಂಡು ಬಳಿದರೂ ಗುರುತು ಸಿಕ್ಕಿರಲಿಲ್ಲ. ಆಗಲಿ, ಕತ್ತರಿಸಿ ಎಂದು ಸೆರಗೊಡ್ಡಿ ನಿಂತವಳನ್ನೇ ತಾಯಿ ಎಂದುಕೊಂಡು ಎರಡು ಪದರ ಬಳಿದಿದ್ದಳು.

ಅಷ್ಟರಲ್ಲಿ ಮಗಳ ಬೆರಳು ಚಿತ್ರದ ಬಲ ಅಂಚಿನ ಮೇಲೆ ಹೋಗಿ ನಿಂತಿತು. ಕಂದು ಬಣ್ಣದಡಿಯಲ್ಲಿ ಅಗಲಿಸಿದ ಐದು ಬೆರಳುಗಳ ಉಬ್ಬು ಆ ಹಾಳು ಬೆಳಕಿನಲ್ಲಿ ಸ್ಪಷ್ಟವಾಗಿತ್ತು.

‘ಇಲ್ಲೊಂದು ಕೈ ಇದೆ. ಯಾರೋ ಮುಚ್ಚಿಬಿಟ್ಟಿದ್ದಾರೆ’ ಅಂದಳು ಮಗಳು.

ಆ ಮನೆಯಲ್ಲಿ ಕುಂಚ ಹಿಡಿಯುವವರು ಒಬ್ಬರೇ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಯಾರೋ ಅಂದಳು. ಛೀಯಮ್ಮ ನಿಮ್ಮಪ್ಪನ ಅಳತೆ, ನನಗೇನು ಗೊತ್ತು ಎಂದು ಏನೋ ಗೊಣಗಿದಳು. ಅಷ್ಟರಲ್ಲಿ ಮೇಡಂ ಬಂದರು.

ಮೇಡಂ ಎಂದರೆ ಅಂಥ ಪ್ರಕರಣಗಳನ್ನು ನೋಡಿ ನೋಡಿ ಎದುರಿಗಿದ್ದವರ ಮುಖ ನೋಡುವುದನ್ನೇ ಬಿಟ್ಟ ಹೆಂಗಸು. ಕೂತರು, ಚಹಾ ತರಿಸಿಕೊಂಡರು, ಕನ್ನಡಕ ಒರೆಸಿದರು. ಇಬ್ಬರು ಅಜ್ಜಿಯರೂ ಒಟ್ಟಿಗೇ ಶುರುಮಾಡಿದರು. ನಮ್ಮ ವಂಶದ ಕುಡಿ ಎಂದು ಬೀಗಿತ್ತಿ, ಹೆತ್ತ ಕರುಳು ಎಂದು ಛೀಯಮ್ಮ. ಇಸ್ತ್ರಿ ಬಿಸಿಯಲ್ಲಿ ಮಗುವಿನ ಕೈ ಸುಟ್ಟರೆ ಯಾರು ಹೊಣೆ ಎಂದು ಈಕೆ, ಆ ಅಂಟಿನ ವಾಸನೆಯಲ್ಲಿ ಮಗುವಿನ ಎದೆ ಕೆಟ್ಟರೆ ಯಾರು ಹೊಣೆ ಎಂದು ಅವಳು. ಮೇಡಂಗೆ ಚಹಾ ಕುಡಿಯಲೂ ಬಿಡಲಿಲ್ಲ. ಕೊನೆಗೆ ಅವರು ಬೇಸತ್ತು, ಮಗುವನ್ನೇ ಕೇಳೋಣ, ಮುಂದೆ ಕರೆತನ್ನಿ ಅಂದರು. ತಮ್ಮ ಬುದ್ಧಿಗೆ ತಾವೇ ಮೆಚ್ಚಿಕೊಂಡ ಹಾಗೆ ಹಿಂದಕ್ಕೆ ಒರಗಿದರು.

ಮರಿ ಕೋಣೆಯ ನಡುವೆ ನಿಂತಳು. ಕೊರಳಪಟ್ಟಿ ಆಗಲೇ ಬಾಯಿಗೆ ಹೋಗಿತ್ತು. ಯಾರ ಜೊತೆ ಇರುತ್ತೀಯಮ್ಮ ಎಂದು ಮೇಡಂ ಕೇಳಿದರು. ಬಾ ಮರಿ ಎಂದು ಬೀಗಿತ್ತಿ ಎದ್ದು ಬಲಗೈ ಹಿಡಿದಳು. ಬಾ ಮರಿ ಎಂದು ಛೀಯಮ್ಮ ಎಡಗೈ ಹಿಡಿದಳು. ಹಿಡಿದಮೇಲೆ ಬಿಡುವುದು ಹೇಗೆ? ಅವಳು ಅತ್ತ ಒಂದು ಹೆಜ್ಜೆ, ಈಕೆ ಇತ್ತ ಒಂದು ಹೆಜ್ಜೆ. ಮಗು ಬಾಯಿ ಅಗಲಿಸಿ ಕಿರುಚಿತು. ಎರಡು ತೋಳೂ ಚಾಚಿ ನಿಂತ ಆ ಹುಡುಗಿಯ ಅಂಗಿಯ ಹೊಲಿಗೆ ಬಿಟ್ಟ ಸದ್ದು ಕೇಳಿಸಿತು. ಮೇಡಂ ಮೇಜು ಬಡಿದರು. ಅಳಿಯ ನೆಲ ನೋಡುತ್ತಲೇ ಇದ್ದ.

‘ಅಮ್ಮ, ಬಿಡು’ ಅಂದಳು ಮಗಳು.

ಛೀಯಮ್ಮ ಬಿಡಲಿಲ್ಲ. ಮಗಳು ಬಂದು ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗುವಿನ ಎರಡು ತೋಳುಗಳನ್ನೂ ಸವರಿದಳು, ಕೊರಳಪಟ್ಟಿಯನ್ನು ಬಾಯಿಂದ ತೆಗೆದು ಸರಿಮಾಡಿದಳು. ಆಮೇಲೆ ಅವಳನ್ನು ಮೆಲ್ಲಗೆ ಬೀಗಿತ್ತಿಯ ಕಡೆಗೆ ದಾಟಿಸಿ ಮೇಡಂ ಕಡೆ ತಿರುಗಿದಳು.

‘ಅವಳು ಅಲ್ಲೇ ಇರಲಿ ಮೇಡಂ. ಹುಟ್ಟಿದಾಗಿಂದ ಇದ್ದ ಮನೆ, ಸ್ಕೂಲೂ ಹತ್ರ. ನನಗೆ ಬೇಡ ಅಂತಲ್ಲ. ಎಳೀಬೇಡಿ, ಅಷ್ಟೆ.’

ಆಗ ಛೀಯಮ್ಮನಿಗೆ ಒಂದು ವಿಚಿತ್ರ ಆಸೆ ಹುಟ್ಟಿತು. ಯಾರನ್ನೂ ಯಾವತ್ತೂ ನಂಬದ ಆ ಹೆಂಗಸು ಮೇಡಂ ಮುಖವನ್ನೇ ಕಣ್ಣು ಮಿಟುಕಿಸದೆ ನೋಡಿದಳು. ಕಥೆಯಲ್ಲಿ ಮುಂದೇನಾಗುತ್ತದೆ ಎಂದು ಆಕೆಗೆ ಗೊತ್ತಿತ್ತಲ್ಲ. ರಾಜ ಎದ್ದು ನಿಲ್ಲುತ್ತಾನೆ. ಬಿಟ್ಟುಕೊಟ್ಟವಳೇ ತಾಯಿ, ಮಗು ಅವಳಿಗೆ ಎನ್ನುತ್ತಾನೆ. ಮೇಡಂ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು.

ಮೇಡಂ ಕನ್ನಡಕ ಏರಿಸಿಕೊಂಡರು.

‘ನೀವೇ ಒಪ್ಪಿಕೊಂಡ್ರಲ್ಲ, ಒಳ್ಳೇದಾಯ್ತು. ಎಲ್ಲರೂ ಹೀಗೇ ಇದ್ದರೆ ನಮಗೂ ಸುಲಭ. ಇಲ್ಲೊಂದು ಸಹಿ ಹಾಕಿ’ ಅಂದರು.

ಅಷ್ಟೆ. ತಣ್ಣಗಾದ ಚಹಾ ಕುಡಿದು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು. ಅವರ ತಲೆಯ ಮೇಲ್ಗಡೆಯೇ ರಾಜ ಕೂತಿದ್ದ. ಆತನ ಕಡೆ ಅವರು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಯಾವಾಗ ಬೇಕಾದರೂ ಬಂದು ಮಗುವನ್ನು ನೋಡಿಕೊಂಡು ಹೋಗಬಹುದು ಎಂದು ಅಳಿಯ ಗೋಡೆಗೆ ಹೇಳಿದಂತೆ ಹೇಳಿದ. ಅಷ್ಟು ಹೇಳುವುದಕ್ಕೆ ಅವನಿಗೆ ಇಷ್ಟು ತಿಂಗಳು ಹಿಡಿದಿತ್ತು.

ಹೊರಗೆ ಪಡಸಾಲೆಯಲ್ಲಿ ಇಂಚಪ್ಪ ಟೇಪು ಸುತ್ತಿಕೊಳ್ಳುತ್ತ, ಏನಾಯಿತು, ನಮ್ಮ ಕಡೆಗೇ ಆಯಿತು ತಾನೇ, ಇಲ್ಲಿ ಇನ್ನೂ ನಾಲ್ಕು ಚಿತ್ರಕ್ಕೆ ಜಾಗ ಇದೆ ಎಂದ. ಹೆಂಡತಿಯ ಮುಖ ನೋಡಿ, ಟೇಪನ್ನು ಜೇಬಿಗಿಟ್ಟುಕೊಂಡು, ಗಾಡಿ ತರುತ್ತೇನೆ ಎಂದು ಅಲ್ಲಿಂದ ಕಾಲ್ತೆಗೆದ. ಆಕೆಗೆ ಅವನನ್ನು ಬಯ್ಯಲೂ ಮನಸ್ಸಾಗಲಿಲ್ಲ. ಅವನು ಕತ್ತರಿಸಿದ್ದ, ನಿಜ. ಉಳಿದಿದ್ದ ಕೈಯನ್ನು ಮುಚ್ಚಿದವಳು ತಾನು. ಚಿತ್ರದಲ್ಲಿ ನೆಟ್ಟಗೆ ನಿಂತವಳ ಮೇಲೆ ಅಷ್ಟು ಅಭಿಮಾನ ಯಾಕೆ ಬಂದಿತ್ತೆಂದು ಆಕೆಗೆ ಈಗ ತಿಳಿಯಿತು. ಇಷ್ಟು ವರ್ಷ ಊರವರ ಮೇಲೆ ಸುರಿದ ತಿರಸ್ಕಾರವೆಲ್ಲ ಸೇರಿದರೂ ಆ ಹೊತ್ತು ತನ್ನ ಮೇಲೆ ತನಗೆ ಬಂದಷ್ಟು ಆಗುತ್ತಿರಲಿಲ್ಲ.

ಮಗಳು ಕಚೇರಿಯ ಮೆಟ್ಟಿಲ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದಳು. ಮಗುವಿಗೆ ಮುತ್ತು ಕೊಟ್ಟು, ಅಜ್ಜಿ ಜೊತೆ ಹೋಗು, ನಾನು ಬರ್ತೀನಿ ಎಂದು ಹೇಳಿ ತಕ್ಷಣ ತಿರುಗಿಬಿಟ್ಟಿದ್ದಳು. ಕೆಳಗೆ ಬೀದಿಯಲ್ಲಿ ಬೀಗಿತ್ತಿ ಒಂದು ಕೈ, ಅಳಿಯ ಒಂದು ಕೈ ಹಿಡಿದುಕೊಂಡು ಹೊರಟಿದ್ದರು. ಈ ಸಲ ಯಾರೂ ಎಳೆಯುತ್ತಿರಲಿಲ್ಲ. ಮರಿ ನಡುವೆ ನಡೆಯುತ್ತ ಅಪ್ಪನಿಗೆ ತಲೆಯೆತ್ತಿ ಏನೋ ಹೇಳುತ್ತಿದ್ದಳು, ಕೇಳುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಬೀದಿಯ ತಿರುವಿನವರೆಗೂ ಛೀಯಮ್ಮ ನೋಡಿದಳು.

‘ಹೋದ್ರಾ?’ ಮಗಳು ತಿರುಗದೆ ಕೇಳಿದಳು.

‘ಹ್ಞೂಂ.’

‘ಅತ್ತಳಾ ಅಮ್ಮ?’

‘ಇಲ್ಲ.’

‘ಸದ್ಯ’ ಅಂದಳು ಮಗಳು. ಅಂದವಳು ಹಾಗೇ ಗೋಡೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. ಛೀಯಮ್ಮ ಅವಳ ಪಕ್ಕದಲ್ಲಿ ಕೂತಳು.